ಫಿಲ್‌ಗ್ರಾಸ್ಟಿಮ್ ಇಂಜೆಕ್ಷನ್: ಮದ್ದಿಗೆ ಪೂರ್ಣ ಅಂಕ, ಜೊತೆಗಿನ ಕಾಗದಕ್ಕೆ ಸೊನ್ನೆ

ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತಿದ್ದೇನೆ. ಉಳಿದ ಒಂದನ್ನು ಹಿಡಿದಿಟ್ಟದ್ದು ಡಬ್ಬಿಯೊಳಗಿನ ಕಾಗದಕ್ಕಾಗಿ.

ನಮ್ಮ ಯಜಮಾನರಿಗೆ ಲಿಂಫೋಮಾ, ಒಂದು ಬಗೆಯ ರಕ್ತದ ಕ್ಯಾನ್ಸರ್. ಮೊದಲ ಕಿಮೋ ಆದಮೇಲೆ ನ್ಯೂಟ್ರೋಫಿಲ್ (ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣ) ಎಣಿಕೆ 500ಕ್ಕಿಂತ ಕೆಳಗಿಳಿದು, ಜ್ವರ ಬಂದು ಆಸ್ಪತ್ರೆ ಸೇರಬೇಕಾಯಿತು. ಎರಡನೆಯದರಿಂದ ವೈದ್ಯರು ಫಿಲ್‌ಗ್ರಾಸ್ಟಿಮ್ ಬರೆದರು: 300 ಮೈಕ್ರೋಗ್ರಾಂ, ಮದ್ದು ತುಂಬಿಯೇ ಬರುವ ಸಿರಿಂಜು, ಕಿಮೋ ಮುಗಿದು 24 ಗಂಟೆ ಕಳೆದ ಮೇಲೆ ದಿನಕ್ಕೊಂದು. ಸಿಸ್ಟರ್ ಕಲಿಸಿಕೊಟ್ಟರು. ಹೊಕ್ಕುಳ ಬಳಿ ಬಿಟ್ಟು ಹೊಟ್ಟೆಯ ಚರ್ಮದಡಿ ಚುಚ್ಚುವವಳು ನಾನೇ. ಸೂಜಿ ತೆಳುವಾಗಿದೆ. ಫ್ರಿಜ್‌ನಿಂದ ಅರ್ಧ ಗಂಟೆ ಮೊದಲೇ ತೆಗೆದಿಟ್ಟರೆ ಉರಿ ಕಡಿಮೆ. ಕುಲುಕಬಾರದು.

ಎದುರುಮನೆಯವರು ಇದನ್ನು ಶಕ್ತಿಯ ಇಂಜೆಕ್ಷನ್ ಎಂದುಕೊಂಡಿದ್ದಾರೆ. ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವಳು ನಾನು, ಸುಮ್ಮನಿರಲಾಗುವುದಿಲ್ಲ. ಇದರಿಂದ ಸುಸ್ತು ಹೋಗುವುದಿಲ್ಲ, ಊಟ ರುಚಿಸುವಂತೆಯೂ ಆಗುವುದಿಲ್ಲ. ಬ್ಯಾಕ್ಟೀರಿಯಾವನ್ನೂ ಇದು ನೇರವಾಗಿ ಕೊಲ್ಲುವುದಿಲ್ಲ. ಸೋಂಕು ತಗುಲಿದಾಗ ನಮ್ಮ ಮ್ಯಾಕ್ರೋಫೇಜ್‌ಗಳೂ (ರೋಗಾಣುಗಳನ್ನು ನುಂಗುವ ರಕ್ಷಣಾ ಕೋಶಗಳು) ರಕ್ತನಾಳದ ಒಳಪದರದ ಕೋಶಗಳೂ ಜಿ-ಸಿಎಸ್‌ಎಫ್ ಎಂಬ ಪ್ರೋಟೀನನ್ನು ಬಿಡುತ್ತವೆ. ಮದುವೆ ಊಟದ ಪಂಕ್ತಿಯಿಂದ ಅಡುಗೆಮನೆಗೆ ಓಡಿ ‘ಇನ್ನೂ ಐವತ್ತು ಎಲೆ’ ಎಂದು ಕೂಗಿ ಬರುವ ಹುಡುಗನ ಕೆಲಸ ಅದರದ್ದು. ಮೂಳೆಮಜ್ಜೆಯ ಎಳೆಯ ಕೋಶಗಳ ಮೇಲಿನ ಗ್ರಾಹಕಕ್ಕೆ, ಅಂದರೆ ಸಂದೇಶ ಹಿಡಿಯುವ ಪ್ರೋಟೀನಿಗೆ, ಅದು ಅಂಟಿಕೊಂಡರೆ ನ್ಯೂಟ್ರೋಫಿಲ್‌ಗಳು ಬೇಗ ಬಲಿತು ರಕ್ತಕ್ಕೆ ಇಳಿಯುತ್ತವೆ. ಬ್ಯಾಕ್ಟೀರಿಯಾವನ್ನು ನುಂಗಿ ಕೊಲ್ಲುವವು ಅವೇ. 1994ರಲ್ಲಿ ಮೆಲ್ಬರ್ನ್‌ನ ವಿಜ್ಞಾನಿಗಳು ಈ ಪ್ರೋಟೀನಿನ ಜೀನ್ ಇಲ್ಲದ ಇಲಿಗಳನ್ನು ಬೆಳೆಸಿದಾಗ, ಅವುಗಳಲ್ಲಿ ನ್ಯೂಟ್ರೋಫಿಲ್‌ಗಳೂ ಕಡಿಮೆಯಿದ್ದವು, ಲಿಸ್ಟೀರಿಯಾ ಬ್ಯಾಕ್ಟೀರಿಯಾವನ್ನು ತಡೆಯುವ ಶಕ್ತಿಯೂ ಕುಂದಿತ್ತು.

ಫಿಲ್‌ಗ್ರಾಸ್ಟಿಮ್ ಎಂದರೆ ಇದೇ ಪ್ರೋಟೀನಿನ ಕಾರ್ಖಾನೆಯ ರೂಪ, 175 ಅಮೈನೋ ಆಮ್ಲಗಳ ಸರಪಳಿ. ಅದನ್ನು ತಯಾರಿಸಲು ದುಡಿಸಿಕೊಳ್ಳುವುದು ಇ. ಕೋಲೈ ಬ್ಯಾಕ್ಟೀರಿಯಾವನ್ನು! ಇದನ್ನು ಕೇಳಿ ಯಜಮಾನರು ಕಿಮೋ ವಾರದಲ್ಲೂ ನಕ್ಕರು. ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1991ರಲ್ಲಿ. ಈಗ ನಮ್ಮ ದೇಶದ ಕಂಪನಿಗಳೂ ತಯಾರಿಸುತ್ತವೆ.

ಇನ್ನು ತೊಂದರೆಗಳು. ಸೊಂಟದ, ತೊಡೆಯ ಮೂಳೆಗಳಲ್ಲಿ ನೋವು ಬರುತ್ತದೆ, ರಾತ್ರಿ ಹೆಚ್ಚು. ವೈದ್ಯರು ಪ್ಯಾರಾಸಿಟಮಾಲ್‌ಗೆ ಒಪ್ಪಿದರು, ಆದರೆ ಮೊದಲು ಥರ್ಮಾಮೀಟರ್ ಇಡಬೇಕು ಎಂಬ ಷರತ್ತಿನ ಮೇಲೆ. ಮಾತ್ರೆ ಜ್ವರವನ್ನು ಮರೆಮಾಚಿದರೆ ಸೋಂಕು ಗೊತ್ತಾಗುವುದೇ ಇಲ್ಲ. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಅದು ನಡುರಾತ್ರಿಯಾದರೂ, ಆಸ್ಪತ್ರೆಗೆ ಹೊರಡಬೇಕು. ಇಂಜೆಕ್ಷನ್ ಅಪಾಯವನ್ನು ತಗ್ಗಿಸುತ್ತದೆ, ತೊಡೆದುಹಾಕುವುದಿಲ್ಲ. ಇನ್ನೊಂದು ವಿಷಯ: ಶುರುಮಾಡಿದ ಒಂದೆರಡು ದಿನಕ್ಕೇ ಎಣಿಕೆ ಜಿಗಿಯಿತು. ‘ಸಾಕಲ್ಲ, ನಿಲ್ಲಿಸೋಣ’ ಎಂದರು ಯಜಮಾನರು. ಮಜ್ಜೆಯಲ್ಲಿ ಮೊದಲೇ ಇದ್ದ ದಾಸ್ತಾನು ಹೊರಬಂದದ್ದರಿಂದ ಆದ ಏರಿಕೆ ಅದು, ಮತ್ತೆ ಇಳಿಯುತ್ತದೆ ಎಂದು ವೈದ್ಯರು ತಡೆದರು. ಇಳಿಯಿತು ಕೂಡ. ಆಮೇಲೆ ಮತ್ತೆ ಏರಿದ್ದು ಹಾಗೆಯೇ ಉಳಿಯಿತು. ಆ ಸುತ್ತಿನಲ್ಲಿ ಜ್ವರ ಬರಲಿಲ್ಲ.

ಇಷ್ಟನ್ನೂ ಹೇಳಬೇಕಾದ ಕಾಗದ ಇಂಗ್ಲಿಷಿನಲ್ಲಿ ಮಾತ್ರ ಇದೆ. ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದರೂ ಓದಲಾಗದ ಅಕ್ಷರ. ಮನೆಯಲ್ಲಿ ಚುಚ್ಚಿಕೊಳ್ಳಬೇಕಾದ ಮದ್ದಿಗೆ ಕನ್ನಡದಲ್ಲಿ ನಾಲ್ಕು ಸಾಲು, ಒಂದು ಚಿತ್ರ ಹಾಕಲು ಏನು ಕಷ್ಟ?

ಕೊಳ್ಳುವಾಗಲೂ ಎಚ್ಚರವಿರಲಿ. 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕಾದ ಮದ್ದನ್ನು ಏಪ್ರಿಲ್ ಬಿಸಿಲಲ್ಲಿ ಒಂದು ಮೆಡಿಕಲ್ ಶಾಪಿನವರು ಬರಿಯ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟರು. ಅಲ್ಲಿಯೇ ಹಿಂದಿರುಗಿಸಿ, ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಪ್ಯಾಕ್ ಇಟ್ಟು ಕೊಡುವ ಅಂಗಡಿ ಹುಡುಕಿದೆ. ಐಸ್ ನೇರವಾಗಿ ತಾಗದಂತೆ ನಡುವೆ ಬಟ್ಟೆ ಇಡಿ, ಹೆಪ್ಪುಗಟ್ಟುವುದೂ ಒಳ್ಳೆಯದಲ್ಲ. ಬೆಲೆ ಕಂಪನಿಯಿಂದ ಕಂಪನಿಗೆ, ಅಂಗಡಿಯಿಂದ ಅಂಗಡಿಗೆ ಬೇರೆ. ಎರಡು ಮೂರು ಕಡೆ ವಿಚಾರಿಸಿ.

ದಿನವೂ ಚುಚ್ಚುವುದು ಬೇಡವೆನ್ನುವವರಿಗೆ ಪೆಗ್‌ಫಿಲ್‌ಗ್ರಾಸ್ಟಿಮ್ ಇದೆ, ಇದೇ ಮದ್ದಿನ ಹೆಚ್ಚು ದಿನ ಕೆಲಸ ಮಾಡುವ ರೂಪ, ಕಿಮೋದ ಒಂದು ಸುತ್ತಿಗೆ ಒಂದೇ ಸಲ. ಬೆಂಗಳೂರಿನ ಬಯೋಕಾನ್ ಕಂಪನಿ ಮೈಲಾನ್ ಎಂಬ ಔಷಧ ಕಂಪನಿಯ ಜೊತೆ ಸೇರಿ ರೂಪಿಸಿದ್ದಕ್ಕೆ 2018ರಲ್ಲಿ ಅಮೆರಿಕದ ಒಪ್ಪಿಗೆಯೂ ಸಿಕ್ಕಿದೆ. ನಮಗೆ ಅದು ಬೇಕೇ ಎಂದು ವೈದ್ಯರು ಕೇಳಿದ್ದಾರೆ. ಯಜಮಾನರಿಗೆ ಒಪ್ಪಿಗೆ, ನಾನಿನ್ನೂ ಬೆಲೆ ವಿಚಾರಿಸುತ್ತಿದ್ದೇನೆ.