ಸ್ಮಾರ್ಟ್ ಮೀಟರ್ ಜೊತೆ ಎರಡು ವರ್ಷ: ಬಿಲ್ ಇಳಿಸಿದ್ದು ಮೀಟರ್ ಅಲ್ಲ

ಹಳೆಯ ಚಕ್ರದ ಮೀಟರ್ ಹೋಗಿ, ರೀಡಿಂಗನ್ನು ತಾನೇ ಕಂಪನಿಗೆ ಕಳಿಸುವ ಸ್ಮಾರ್ಟ್ ಮೀಟರ್ ಬಂದು ಎರಡು ವರ್ಷವಾಯಿತು. ನಾನೇನೂ ಕೇಳಿ ಹಾಕಿಸಿಕೊಂಡದ್ದಲ್ಲ. ವಿದ್ಯುತ್ ಕಂಪನಿಯವರು ಒಂದು ದಿನ ಬಂದರು, ಅರ್ಧ ಗಂಟೆ ಕರೆಂಟ್ ತೆಗೆದರು, ಹಾಕಿ ಹೋದರು.

ಮೊದಲ ತಿಂಗಳೇ ಬಿಲ್ ಜಾಸ್ತಿ ಬಂತು. ಮೀಟರ್ ಸುಮ್ನೆ ಓಡ್ತಿದೆ ಅಂತ ನಾನೂ ಗೊಣಗಿದೆ. ಆಮೇಲೆ ಪರೀಕ್ಷೆ ಮಾಡಿಯೇ ಬಿಡೋಣ ಅನ್ನಿಸಿತು. ನನ್ನ ಮೀಟರ್ ಮೇಲೆ ಯೂನಿಟ್‌ಗೆ 3200 ಪಲ್ಸ್ ಎಂದು ಬರೆದಿದೆ. ಅಂದರೆ ಅದರ ಕೆಂಪು ದೀಪ 3200 ಸಲ ಮಿನುಗಿದರೆ ಒಂದು ಯೂನಿಟ್. ಮನೆಯಲ್ಲಿ ಎಲ್ಲವನ್ನೂ ಆರಿಸಿ, 1000 ವಾಟ್‌ನ ಹೀಟರ್ ಒಂದನ್ನೇ ಹಾಕಿ, ಗಡಿಯಾರ ಹಿಡಿದು ನಿಂತೆ. ಲೆಕ್ಕದ ಪ್ರಕಾರ ನಿಮಿಷಕ್ಕೆ ಸುಮಾರು 53 ಸಲ ಮಿನುಗಬೇಕು. ನಾನು ಎಣಿಸಿದ್ದು 52. ಪಾಪ, ಮೀಟರ್ ಸರಿಯಾಗಿಯೇ ಇತ್ತು! ಬಹುಶಃ ಹಳೆಯದೇ ಸವೆದು ನಿಧಾನವಾಗಿತ್ತು. ಸಣ್ಣ ಲೋಡ್‌ಗೆ ಅಂಥ ಚಕ್ರ ಅಲುಗುವುದೇ ಕಷ್ಟ.

ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಆ್ಯಪ್‌ನಲ್ಲಿ ಕಾಣುವ ಅರ್ಧರ್ಧ ಗಂಟೆಯ ಲೆಕ್ಕ. ಎಲ್ಲರೂ ಮಲಗಿರುವ ರಾತ್ರಿ ಮೂರು ಗಂಟೆಯಲ್ಲೂ ಪ್ರತಿ ಅರ್ಧ ಗಂಟೆಗೆ 0.07 ಯೂನಿಟ್ ಹೋಗುತ್ತಿತ್ತು. ಅಂದರೆ 140 ವಾಟ್. ಇದೇ ಇಡೀ ದಿನ ಹರಿದರೆ ತಿಂಗಳಿಗೆ ನೂರು ಯೂನಿಟ್! ಒಂದೊಂದೇ ಪ್ಲಗ್ ಕೀಳುತ್ತಾ ಹೋದೆ. ಸಿಕ್ಕಿಬಿದ್ದದ್ದು ಫ್ರಿಜ್. ಬಾಗಿಲಿನ ರಬ್ಬರ್ ಗಟ್ಟಿಯಾಗಿ ಸಂದು ಬಿಟ್ಟಿತ್ತು, ಕಂಪ್ರೆಸರ್‌ಗೆ ಬಿಡುವೇ ಇರಲಿಲ್ಲ. ರಬ್ಬರ್ ಬದಲಿಸಿದ ಮೇಲೆ ಆ ಅಂಕಿ 0.04ಕ್ಕೆ ಇಳಿಯಿತು. ಬೇಸರವೆಂದರೆ ಈ ಲೆಕ್ಕ ಕಾಣುವುದು ಮರುದಿನ. ಈಗ ಯಾವುದು ಎಳೆಯುತ್ತಿದೆ ಅಂತ ನೋಡಲು ಮತ್ತೆ ಆ ಕೆಂಪು ದೀಪವೇ ಗತಿ.

ಕಳೆದ ವರ್ಷ ಆರು ವಾರ ಮೀಟರ್ ಮಾತೇ ಆಡಲಿಲ್ಲ. ನೆಲಮಾಳಿಗೆಯಲ್ಲಿ, ಕಬ್ಬಿಣದ ಪೆಟ್ಟಿಗೆಯೊಳಗೆ ಕೂತ ಮೀಟರ್‌ಗೆ ಸಿಗ್ನಲ್ ಎಲ್ಲಿಂದ ಬರಬೇಕು? ಅಂದಾಜಿನ ಬಿಲ್ ಬಂತು, ಅದೂ ದುಬಾರಿ ಅಂದಾಜು. ಅಳತೆ ಮಾತ್ರ ಮೀಟರ್‌ನಲ್ಲೇ ಭದ್ರವಾಗಿತ್ತು. ಪರದೆಯ ಫೋಟೋ ಕಳಿಸಿದೆ, ಮೂರು ಸಲ ಫೋನ್ ಮಾಡಿದೆ. ಕೊನೆಗೆ ಆಂಟೆನಾ ಹೊರಗೆ ತಂದು ಕೂರಿಸಿದರು, ಬಿಲ್ ತಿದ್ದಿದರು.

ಲಾಭ ಜಾಸ್ತಿ ಕಂಪನಿಗೇ ಅಲ್ವಾ? ಖಂಡಿತ. ಮನೆಮನೆಗೆ ರೀಡಿಂಗ್‌ಗೆ ಜನ ಬೇಡ. ಟ್ರಾನ್ಸ್‌ಫಾರ್ಮರ್‌ನಿಂದ ಹೋದದ್ದಕ್ಕೂ ಮನೆಗಳ ಮೊತ್ತಕ್ಕೂ ತಾಳೆ ನೋಡಿದರೆ ಕಳ್ಳತನದ ಸುಳಿವು ಸಿಗುತ್ತದೆ. ಒಳಗೆ ರಿಲೇ, ಅಂದರೆ ದೂರದಿಂದಲೇ ಆರಿಸಬಹುದಾದ ಸ್ವಿಚ್, ಇದ್ದರೆ ಕೂತಲ್ಲೇ ಕರೆಂಟ್ ಕಟ್ ಮಾಡಬಹುದು. ಇಟಲಿಯಲ್ಲಿ 2001ರಲ್ಲಿ ಶುರುಮಾಡಿ ಕೆಲವೇ ವರ್ಷಗಳಲ್ಲಿ ಸುಮಾರು ಮೂರು ಕೋಟಿ ಮೀಟರ್ ಹಾಕಿದ್ದು ಸುಮ್ಮನೆ ಅಲ್ಲ. ನಾನು ಎಷ್ಟಕ್ಕೆ ಎದ್ದೆ, ಯಾವಾಗ ಮನೆ ಖಾಲಿ ಇತ್ತು ಎನ್ನುವುದೂ ಆ ಅರ್ಧ ಗಂಟೆಯ ಲೆಕ್ಕದಲ್ಲೇ ಇದೆ. 2009ರಲ್ಲಿ ನೆದರ್‌ಲ್ಯಾಂಡ್ಸ್ ಮೇಲ್ಮನೆ ಕಡ್ಡಾಯ ಮೀಟರ್‌ಗೆ ತಡೆ ಹಾಕಿದ್ದು ಇದೇ ಆತಂಕಕ್ಕೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಪ್ರತಿ ತಿಂಗಳ ಒಂದನೇ ತಾರೀಖು ಪರದೆಯ ಫೋಟೋ ತೆಗೆಯುವುದನ್ನು ಮಾತ್ರ ಇನ್ನೂ ಬಿಟ್ಟಿಲ್ಲ.