ಕಾರ್ಟರ್ ಫ್ಯಾಮಿಲಿ ಫೋಲ್ಡ್, ವರ್ಜೀನಿಯಾ: ಬೇಗ ಹೋಗಿ, ಮೊದ್ಲು ಮ್ಯೂಸಿಯಂ ನೋಡಿ
ಅಮೆರಿಕದ ಹಳೇ ಜಾನಪದ ಹಾಡು, 78 ಆರ್‌ಪಿಎಂ ಪ್ಲೇಟು, ಹಳೇ ಪೋಸ್ಟರ್ ಇಂಥದ್ರ ಹುಚ್ಚಿರೋರು ಈ ಫೋಲ್ಡ್ ಅನ್ನೋ ಹಾಡಿನ ಜಾಗ ಇರೋ ಹಿಲ್ಟನ್ಸ್‌ಗೆ ಒಂದು ಶನಿವಾರ ಹೋಗ್ಲೇಬೇಕು. ಕ್ಲಿಂಚ್ ಮೌಂಟನ್ ಬುಡದಲ್ಲಿರೋ ಕಣಿವೆ, ಅಲ್ಲಿ ಕಾರ್ಟರ್ ಫ್ಯಾಮಿಲಿ ಅನ್ನೋ ಹಳೇ ಕಂಟ್ರಿ ಮ್ಯೂಸಿಕ್ (ಅಮೆರಿಕದ ಹಳ್ಳಿಗಾಡಿನ ಹಾಡು) ತಂಡದ ಎ.ಪಿ. ಕಾರ್ಟರ್ ನಡೆಸ್ತಿದ್ದ ಅಂಗಡಿನೇ ಈಗ ಮ್ಯೂಸಿಯಂ, ಪಕ್ಕದಲ್ಲೇ ಹಾಡಿನ ಶೆಡ್ಡು. ಅವರು ಹುಟ್ಟಿದ ಮರದ ದಿಮ್ಮಿ ಮನೇನೂ ಅಲ್ಲಿಗೇ ತಂದು ಮತ್ತೆ ಕಟ್ಟಿ ನಿಲ್ಲಿಸಿದಾರೆ.

ಮ್ಯೂಸಿಯಂ ಚಿಕ್ಕದು. ಫೋಟೋ, ಪ್ಲೇಟು, ಸ್ಟೇಜ್ ಮೇಲೆ ಹಾಕ್ಕೊಂಡ ಬಟ್ಟೆ, ಅಷ್ಟೇ. ಆದ್ರೆ 1927ರ ಆಗಸ್ಟಲ್ಲಿ ಎ.ಪಿ., ಹೆಂಡ್ತಿ ಸಾರಾ, ತಮ್ಮನ ಹೆಂಡ್ತಿ ಮೇಬೆಲ್ ಮೂರೂ ಜನ ಹತ್ತಿರದ ಬ್ರಿಸ್ಟಲ್ ಊರಿಗೆ ಹೋಗಿ ರೆಕಾರ್ಡ್ ಕಂಪನಿಯ ರಾಲ್ಫ್ ಪೀರ್ ಮುಂದೆ ರೆಕಾರ್ಡ್ ಮಾಡಿದ್ರಲ್ಲ, ಆ ಜನ ಬದುಕಿದ್ದ ಜಾಗದಲ್ಲೇ ಅವರ ಸಾಮಾನು ನೋಡೋದಕ್ಕೂ ದೊಡ್ಡ ಊರಿನ ಗಾಜಿನ ಪೆಟ್ಟಿಗೇಲಿ ನೋಡೋದಕ್ಕೂ ತುಂಬಾ ವ್ಯತ್ಯಾಸ ಇದೆ. ಹೋಗೋ ಮುಂಚೆ ಲೆಸ್ಲಿ ರಿಡಲ್ ಬಗ್ಗೆನೂ ಸ್ವಲ್ಪ ಓದ್ಕೊಳ್ಳಿ, ಪ್ಲೀಸ್. ಎ.ಪಿ. ಜೊತೆ ಊರೂರು ತಿರುಗಿ ಹಾಡು ಹುಡುಕಿದ ಕಪ್ಪು ಗಿಟಾರಿಸ್ಟ್ ಅವರು, ಎ.ಪಿ. ಸಾಹಿತ್ಯ ಬರ್ಕೊಂಡ್ರೆ ಇವರು ಧಾಟಿ ನೆನಪಲ್ಲಿ ಇಟ್ಕೊಂಡು ಬರ್ತಿದ್ರು, ಅವರಿಲ್ದೆ ಈ ಕಥೆ ಅರ್ಧನೇ.

ಇನ್ನು ಶನಿವಾರ ಸಂಜೆಯ ಹಾಡು. 1974ರಲ್ಲಿ ಎ.ಪಿ. ಮಗಳು ಜ್ಯಾನೆಟ್ ಅದೇ ಅಂಗಡೀಲಿ ಶುರು ಮಾಡಿದ್ದು, ಜನ ಜಾಸ್ತಿ ಆದ್ಮೇಲೆ ಅವರ ತಮ್ಮ ಜೋ ಈ ಶೆಡ್ಡು ಕಟ್ಟಿದ್ರು. ಎಲೆಕ್ಟ್ರಿಕ್ ವಾದ್ಯ ಬೇಡ ಅನ್ನೋದು ಇಲ್ಲಿನ ನಿಯಮ, ಕುಡಿಯೋ ಹಾಗೂ ಇಲ್ಲ. ಎಲೆಕ್ಟ್ರಿಕ್ ವಾದ್ಯದ ನಿಯಮ ಸಡಿಲಿಸಿದ್ದು ಹೆಸರಾಂತ ಕಂಟ್ರಿ ಗಾಯಕ ಜಾನಿ ಕ್ಯಾಶ್‌ಗೆ, ಅವರು ಮೇಬೆಲ್ ಮಗಳು ಜೂನ್ ಗಂಡ ಅಲ್ವಾ, ಮನೆ ಅಳಿಯ. ಜೂನ್ ತೀರ್ಕೊಂಡು ಎರಡು ತಿಂಗಳೂ ಆಗಿರ್ಲಿಲ್ಲ, 2003ರ ಜುಲೈ 5ಕ್ಕೆ ಅವರು ಕೊನೇ ಸಲ ಜನರ ಮುಂದೆ ಹಾಡಿದ್ದೂ ಇಲ್ಲೇ.

ನನಗೆ ತುಂಬಾ ಹಿಡಿಸಿದ್ದು ಡ್ಯಾನ್ಸ್ ಫ್ಲೋರ್. ಫಿಡಲ್, ಬ್ಯಾಂಜೋ ಶುರುವಾದ ತಕ್ಷಣ ವಯಸ್ಸಾದೋರು, ಮಕ್ಕಳು ಎಲ್ಲಾ ಸ್ಟೇಜ್ ಮುಂದೆ ಇಳೀತಾರೆ, ಶೂಗೆ ಲೋಹದ ತುಂಡು ಹಾಕ್ಕೊಂಡು ನೆಲಕ್ಕೆ ಹೊಡೆಯೋ ತಾಳ ಇದ್ಯಲ್ಲ, ಅದೂ ಒಂದು ವಾದ್ಯನೇ. ಗಿಟಾರ್ ನುಡಿಸೋರು ಹಿಂದಿನ ಸಾಲಲ್ಲಿ ಕೂರ್ಬೇಡಿ, ಮೇಬೆಲ್ ಥರ ಹೆಬ್ಬೆರಳಲ್ಲಿ ದಪ್ಪ ತಂತಿ ಮೇಲೆ ರಾಗ ಎತ್ತಿ ಮಿಕ್ಕ ಬೆರಳಲ್ಲಿ ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳು) ಸವರೋದನ್ನ ಹತ್ರದಿಂದ ನೋಡಿದ್ರೇನೇ ತಿಳಿಯೋದು.

ಮ್ಯೂಸಿಯಂ ಶೋಗೆ ಮುಂಚೇನೇ ಮುಗಿಸ್ಕೊಳ್ಳಿ, ಒಂದ್ಸಲ ಫಿಡಲ್ ಕೇಳಿಸ್ತು ಅಂದ್ರೆ ಅಂಗಡಿ ಕಡೆ ಕಾಲೇ ಹೋಗಲ್ಲ. ಬ್ರಿಸ್ಟಲ್‌ನಲ್ಲೂ 2014ರಿಂದ ಕಂಟ್ರಿ ಮ್ಯೂಸಿಕ್ಕಿಗೆ ದೊಡ್ಡ ಮ್ಯೂಸಿಯಂ ಇದೆ, ಶನಿವಾರ ಹಗಲು ಅದನ್ನ ನೋಡ್ಕೊಂಡು ಸಂಜೆ ಇಲ್ಲಿಗೆ ಬರ್ಬಹುದು.