ಜೆ.ಸಿ. ರೋಡಿನಲ್ಲಿ ಹಾಕಿಸಿದ ಸ್ಯಾರಿ ಗಾರ್ಡ್: ಕೆಲಸ ಚೆನ್ನಾಗಿದೆ, ಹೆಲ್ಮೆಟ್ ಮಾತ್ರ ಬೇಡ

ನಾನು ತಗೊಂಡ ಸೆಕೆಂಡ್ ಹ್ಯಾಂಡ್ ಬೈಕಿಗೆ ಸ್ಯಾರಿ ಗಾರ್ಡ್, ಅಂದರೆ ಸೀರೆ ಸೆರಗು ಹಿಂದಿನ ಚಕ್ರಕ್ಕೆ ಸಿಕ್ಕಿಹಾಕಿಕೊಳ್ಳದ ಹಾಗೆ ತಡೆಯುವ ಕವಚ, ಇರಲಿಲ್ಲ. ಹಳೇ ಓನರ್ ಸ್ಟೈಲಿಗೆ ಅಂತ ಬಿಚ್ಚಿಸಿದ್ದರಂತೆ! ಕೇಂದ್ರ ಮೋಟಾರು ವಾಹನ ನಿಯಮ 123ರ ಪ್ರಕಾರ ಹಿಂದಿನ ಚಕ್ರ ಅರ್ಧದಷ್ಟಾದರೂ ಮುಚ್ಚಿರಬೇಕು. ನಮ್ಮಮ್ಮನೋ, ಸೀರೆ ಉಟ್ಟು ಒಂದೇ ಕಡೆ ಕಾಲು ಹಾಕಿ ಕೂರುವವರು. ಬೇರೆ ಥರ ಕೂರಮ್ಮ ಅಂದರೆ ಕೇಳಲ್ಲ.

ಬೆಂಗಳೂರಿನ ಜೆ.ಸಿ. ರೋಡಿನ ಪಕ್ಕದ ಗಲ್ಲಿಯಲ್ಲಿ ಒಂದು ಪುಟ್ಟ ಸ್ಪೇರ್ಸ್ ಅಂಗಡಿ. ಅವರು ಮೊದಲು ಕೇಳಿದ್ದೇ "ಹಿಂದೆ ಕೂರೋದು ಯಾರು ಸಾರ್?" ಅಂತ. ಅಮ್ಮ ಎಂದೆ. "ಹಾಗಾದ್ರೆ ಅಗಲದ ಲೇಡೀಸ್ ಫುಟ್‌ರೆಸ್ಟೂ ಹಾಕಿಸ್ಬಿಡಿ, ಎರಡೂ ಪಾದ ಊರಬೇಕಲ್ವಾ?" ಅಂದರು. ಗಾರ್ಡ್ ಕೂರಿಸಿ ಬೋಲ್ಟ್ ಬಿಗಿ ಮಾಡಿದ ಮೇಲೆ ಚಕ್ರವನ್ನು ಕೈಯಲ್ಲೇ ತಿರುಗಿಸಿ, ಎಲ್ಲೂ ತಾಗುತ್ತಿಲ್ಲ ಅಂತ ತೋರಿಸಿದರು. ಹಿಂದಿನ ಶಾಕ್ ಅಬ್ಸಾರ್ಬರನ್ನೂ ಎರಡೂ ಕಡೆ ಸಮನಾಗಿ ಸ್ವಲ್ಪ ಗಟ್ಟಿ ಮಾಡಿದರು, ಅದಕ್ಕೆ ದುಡ್ಡು ತಗೊಳ್ಳಲಿಲ್ಲ. ಇಬ್ಬರು ಕೂರುವಾಗ ಹಿಂದಿನ ಟೈರಿಗೆ ಗಾಳಿ ಜಾಸ್ತಿ ಬೇಕು, ಎಷ್ಟು ಅಂತ ಬೈಕಿನ ಪುಸ್ತಕ ನೋಡಿ ಅಂದರು. ಸುಮ್ನೆ ಸಾಮಾನು ಮಾರುವವರು ಇಷ್ಟೆಲ್ಲ ಹೇಳಲ್ಲ.

ಫುಟ್‌ರೆಸ್ಟಿನ ರಬ್ಬರ್ ತೆಳು, ಮಳೆಯಲ್ಲಿ ಚಪ್ಪಲಿ ಜಾರುತ್ತದೆ. ಪಾರ್ಕಿಂಗ್ ಕಥೆ ಕೇಳಲೇಬೇಡಿ.

ಹೆಲ್ಮೆಟ್ ಮಾತ್ರ ಇಲ್ಲಿ ತಗೋಬೇಡಿ. ತೋರಿಸಿದ್ದು ಬರೀ ಟೋಪಿ, ಐಎಸ್‌ಐ ಗುರುತೇ ಇಲ್ಲ. ಕರ್ನಾಟಕದಲ್ಲಿ 2016ರಿಂದ ಹಿಂದಿನವರಿಗೂ ಹೆಲ್ಮೆಟ್ ಕಡ್ಡಾಯ. ಅಮ್ಮನ ತುರುಬಿನ ಮೇಲೆ ಸರಿಯಾಗಿ ಕೂರುವಂಥದ್ದು ಎಲ್ಲಾದರೂ ಸಿಕ್ಕರೆ ತಿಳಿಸಿ.